ಒಮ್ಮೆ ಮಾಡಿ ತೋರಿಸಿ, ಉಳಿದದ್ದನ್ನು ವಿಮ್‌ಗೆ ಬಿಡಿ

ವಿಮ್ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಪಾತ್ರೆ ತೊಳೆಯುವ ಸೋಪು. ಇದು ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ಪಠ್ಯ ಸಂಪಾದಕದ, ಅಂದರೆ ಕಂಪ್ಯೂಟರಿನಲ್ಲಿ ಬರೆಯುವ, ತಿದ್ದುವ ತಂತ್ರಾಂಶದ ಮಾತು. ಕಡತ ತೆರೆದು, ಬರೆದು, ಉಳಿಸಿ ಹೊರಬರಲು ಬಲ್ಲವರು ಮುಂದೆ ಓದಬಹುದು.

ಮೊದಲು ಸುಲಭದ್ದು. ಪದದ ನಡುವೆ ಕರ್ಸರ್ ಇಟ್ಟು ಸಿ, ಐ, ಡಬ್ಲ್ಯು ಒತ್ತಿ; ಇಡೀ ಪದ ಅಳಿದು ಹೊಸದನ್ನು ಬರೆಯಲು ಜಾಗವಾಗುತ್ತದೆ. ಡಬ್ಲ್ಯು ಬದಲು ಉದ್ಧರಣ ಚಿಹ್ನೆ ಒತ್ತಿದರೆ ಆ ಚಿಹ್ನೆಗಳ ಒಳಗಿನದಷ್ಟೇ ಹೋಗುತ್ತದೆ.

ಈಗ ಹಳೆಯ ಬರಹವೊಂದರಲ್ಲಿ 'ಬೆಳಗಾಂ' ಅನ್ನು 'ಬೆಳಗಾವಿ' ಮಾಡಬೇಕಿದೆ ಎನ್ನಿ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಿದರೆ 'ಬೆಳಗಾಂನಲ್ಲಿ' ಎಂಬುದು 'ಬೆಳಗಾವಿನಲ್ಲಿ' ಆಗಿ ಕೂರುತ್ತದೆ. ಕನ್ನಡದ ವಿಭಕ್ತಿ ಯಂತ್ರಕ್ಕೆ ತಿಳಿಯದು. ಆದ್ದರಿಂದ ಓರೆಗೆರೆ (/) ಒತ್ತಿ 'ಬೆಳಗಾಂನಲ್ಲಿ' ಎಂದೇ ಹುಡುಕಿ. ಸಿ, ಜಿ, ಎನ್ ಒತ್ತಿ 'ಬೆಳಗಾವಿಯಲ್ಲಿ' ಎಂದು ಬರೆದು ಎಸ್ಕೇಪ್ ಮಾಡಿ. ಮುಂದೆ ಚುಕ್ಕಿ ಒತ್ತಿದಂತೆಲ್ಲ ಮುಂದಿನದು ಬದಲಾಗುತ್ತದೆ. ಯಾರದೋ ಹಳೆಯ ಮಾತನ್ನು ಇದ್ದಂತೆಯೇ ಬಿಡಬೇಕಾದಲ್ಲಿ ಎನ್ ಒತ್ತಿ ಅಲ್ಲಿಗೆ ಹೋಗಿ, ಇನ್ನೊಮ್ಮೆ ಎನ್ ಒತ್ತಿ ದಾಟಿ. ಕೀಲಿಮಣೆ ಕನ್ನಡದಲ್ಲೇ ಉಳಿದಿದ್ದರೆ ಆದೇಶಗಳು ನಡೆಯುವುದಿಲ್ಲ: ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸದಲ್ಲಿ ಜೆ ಕೀಲಿ 'ರ' ಆಗಿಬಿಡುತ್ತದೆ. ಬರೆದ ಕೂಡಲೇ ಇಂಗ್ಲಿಷಿಗೆ ಮರಳಿ.

ನನಗೆ ಅತಿ ಪ್ರಿಯವಾದದ್ದು ಮ್ಯಾಕ್ರೊ, ಅಂದರೆ ಒಮ್ಮೆ ಒತ್ತಿದ ಕೀಲಿಗಳನ್ನು ದಾಖಲಿಸಿಟ್ಟು ಮತ್ತೆ ಮತ್ತೆ ನಡೆಸುವುದು. ಸಾಲಿಗೊಂದರಂತೆ ಮುನ್ನೂರರ ಆಸುಪಾಸು ಊರುಗಳ ಹೆಸರಿವೆ; ಪ್ರತಿಯೊಂದಕ್ಕೂ ಉದ್ಧರಣ ಚಿಹ್ನೆ, ಕೊನೆಗೊಂದು ಅಲ್ಪವಿರಾಮ ಬೇಕು. ಮೊದಲ ಸಾಲಿನಲ್ಲಿ ನಿಂತು ಕ್ಯೂ, ಎ ಒತ್ತಿ, ದಾಖಲಾತಿ ಶುರು. ದೊಡ್ಡ ಐ, ಉದ್ಧರಣ ಚಿಹ್ನೆ, ಎಸ್ಕೇಪ್. ದೊಡ್ಡ ಎ, ಉದ್ಧರಣ ಚಿಹ್ನೆ, ಅಲ್ಪವಿರಾಮ, ಎಸ್ಕೇಪ್. ಜೆ ಒತ್ತಿ ಕೆಳಗಿನ ಸಾಲಿಗೆ ಇಳಿಯಿರಿ. ಮತ್ತೆ ಕ್ಯೂ, ದಾಖಲಾತಿ ಮುಗಿಯಿತು. ಇನ್ನು 300, ಅಟ್ ಚಿಹ್ನೆ, ಎ. ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಸಿದ್ಧ.

ಸಾಲುಗಳನ್ನು ಎಣಿಸುವ ಗೋಜು ಬೇಡ, ಧಾರಾಳವಾಗಿ ದೊಡ್ಡ ಸಂಖ್ಯೆಯನ್ನೇ ಕೊಡಿ. ಕಡತದ ಕೊನೆಯ ಸಾಲಿನಲ್ಲಿ ಜೆ ಕೆಳಗಿಳಿಯಲಾರದೆ ಸೋಲುತ್ತದೆ, ಅಲ್ಲಿಗೆ ಮ್ಯಾಕ್ರೊ ತಾನಾಗಿ ನಿಲ್ಲುತ್ತದೆ. ಆದರೆ ಆ ಜೆ ಮರೆಯಬಾರದು. ಒಮ್ಮೆ ಮರೆತು, ಮೊದಲ ಊರಿನ ಎರಡೂ ಬದಿಗೆ ಮುನ್ನೂರು ಚಿಹ್ನೆಗಳ ತೋರಣ ಕಟ್ಟಿದ್ದೆ.

ಅಂಥ ಹೊತ್ತಿಗೆ ಬೇಕಾದದ್ದು ವಿವರಣ ಚಿಹ್ನೆಯ ಆದೇಶ: ಎರಡು ಚುಕ್ಕಿಯ ಆ ಚಿಹ್ನೆ (:) ಒತ್ತಿ, ಅರ್ಲಿಯರ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು 5 ಮತ್ತು ಸಣ್ಣ ಎಮ್ ಸೇರಿಸಿ ಎಂಟರ್ ಒತ್ತಿ. ಕಡತ ಐದು ನಿಮಿಷದ ಹಿಂದೆ ಹೇಗಿತ್ತೋ ಹಾಗೆ ಮರಳುತ್ತದೆ.