ಟೆಟ್ರಾಮರ್ ಇಲ್ಲದೆ ಸಿಡಿ8 ಕೋಶಗಳ ಲೆಕ್ಕ ಸಿಕ್ಕಿತು

ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಎದುರಾಗಿ ಹುಟ್ಟುವ ಸಿಡಿ8 ಟಿ ಕೋಶಗಳನ್ನು (ಸೋಂಕಿತ ಕೋಶಗಳನ್ನು ಕೊಲ್ಲುವ ಬಿಳಿರಕ್ತಕಣಗಳನ್ನು) ಟೆಟ್ರಾಮರ್ ಇಲ್ಲದೆ, ಅಂದರೆ ಅವಕ್ಕೇ ಅಂಟಿ ಗುರುತು ಹಚ್ಚುವ ಬಣ್ಣದ ಅಣು ಇಲ್ಲದೆ, ಎಣಿಸುತ್ತೇನೆ ಎಂದಾಗ ನಮ್ಮ ವಿಭಾಗದಲ್ಲಿ ನಂಬಿದವರು ಕಡಿಮೆ. ಹೊರದೇಶದಿಂದ ತರಿಸಿದ ಟೆಟ್ರಾಮರ್ ದಾರಿಯಲ್ಲೇ ತಡವಾಗಿ, ಮಂಜುಗಡ್ಡೆ ಕರಗಿ ಕೈಸೇರಿತ್ತು. ಹೆಚ್ಚುಕಡಿಮೆ 40 ಸಾವಿರ ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಓವಾಲ್ಬುಮಿನ್ (ಕೋಳಿಮೊಟ್ಟೆಯ ಪ್ರೋಟೀನ್) ಸೇರಿಸಿದ ಲಿಸ್ಟೀರಿಯಾ ತಳಿಗೆ ಮತ್ತಷ್ಟು ಕಾಗದಪತ್ರ ಬೇಕು. ಹಾಗಾಗಿ ಬಾಲ್ಬ್-ಸಿ ಇಲಿ, ಮಾಮೂಲಿ ಲಿಸ್ಟೀರಿಯಾ ಇಷ್ಟನ್ನೇ ನೆಚ್ಚಿಕೊಂಡೆ. ಅದರ ಪ್ರೋಟೀನ್ ಲಿಸ್ಟೀರಿಯೋಲೈಸಿನ್‌ನ 91ರಿಂದ 99ರವರೆಗಿನ ಅಮೈನೋ ಆಮ್ಲಗಳ ತುಣುಕು, ಅಂದರೆ ಈ ಟಿ ಕೋಶಗಳು ಗುರುತಿಸುವ ಪೆಪ್ಟೈಡ್ ಮಾಡಿಸಲು ಏಳೆಂಟು ಸಾವಿರ ತಗಲಿತು, ಆ ಪೆಪ್ಟೈಡ್ ಇನ್ನೂ ಮುಗಿದಿಲ್ಲ.

ಮೊದಮೊದಲು ಏನೂ ಕಾಣಲಿಲ್ಲ. ಮತ್ತೆ ಮತ್ತೆ ದ್ರವದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ ಕಸುವು ಕಳೆದುಕೊಂಡಿತ್ತು. ಮೂರನೇ ದಿನ ಯಕೃತ್ತನ್ನು ಅರೆದು ಅಗಾರ್ ಮೇಲೆ ಹರಡಿದರೆ ಬೆರಳೆಣಿಕೆಯಷ್ಟು ಕಾಲೊನಿ. ಅದನ್ನು ಇಲಿಯೊಂದರ ಗುಲ್ಮದ ಮೂಲಕ ಹಾಯಿಸಿ, ಗ್ಲಿಸರಾಲ್‌ನಲ್ಲಿ ಶೀತಲೀಕರಿಸಿಟ್ಟ ಮೇಲೆ ದಾರಿಗೆ ಬಂತು. ಬಾಲದ ರಕ್ತನಾಳಕ್ಕೆ ಎರಡು ಸಾವಿರದ ಆಸುಪಾಸು ಬ್ಯಾಕ್ಟೀರಿಯಾ ಸಾಕು. ಹತ್ತು ಸಾವಿರ ದಾಟಿದರೆ ಎಣಿಸಲು ಇಲಿ ಉಳಿಯುವುದೇ ಅನುಮಾನ. ಬಿಸಿಗೆ ಕೊಂದ ಬ್ಯಾಕ್ಟೀರಿಯಾ ಸಾಲದೇ ಎಂದು ಹಿರಿಯರೊಬ್ಬರು ಕೇಳಿದರು. ಅವರ ಸಮಾಧಾನಕ್ಕೆ ಅದನ್ನೂ ಮಾಡಿದೆ. ಕೋಶರಸಕ್ಕೆ ನುಗ್ಗದ ಬ್ಯಾಕ್ಟೀರಿಯಾದಿಂದ ಹೇಳಿಕೊಳ್ಳುವಂಥದ್ದು ಏನೂ ಬರಲಿಲ್ಲ.

ಗುಲ್ಮದ ಕೋಶಗಳಿಗೆ ಐದು ಗಂಟೆ ಪೆಪ್ಟೈಡ್, ಜೊತೆಗೆ ಬ್ರೆಫೆಲ್ಡಿನ್. ಪೆಪ್ಟೈಡ್ ಗುರುತಿಸಿದ ಟಿ ಕೋಶ ಇಂಟರ್‌ಫೆರಾನ್-ಗಾಮಾ ಎಂಬ ಸಂಕೇತ ಪ್ರೋಟೀನ್ ತಯಾರಿಸುತ್ತದೆ, ಬ್ರೆಫೆಲ್ಡಿನ್ ಅದು ಹೊರಹೋಗದಂತೆ ತಡೆಯುತ್ತದೆ. ಒಳಗೆ ಉಳಿದದ್ದಕ್ಕೆ ಬಣ್ಣದ ಆಂಟಿಬಾಡಿ ಅಂಟಿಸಿ ಎಣಿಸುವುದು. ದುಬಾರಿ ಕಿಟ್ ಬಿಟ್ಟು, ಆಂಟಿಬಾಡಿ ಒಳಹೋಗಲು ಕೋಶದ ಪೊರೆಯಲ್ಲಿ ರಂಧ್ರ ತೆರೆಯುವ ಸ್ಯಾಪೋನಿನ್ ದ್ರಾವಣವನ್ನು ನಾನೇ ಕಲಸಿದೆ. ಪಾಕ ಇಲ್ಲಿ ಕೊಡುವುದಿಲ್ಲ. ಆದರೆ ಆಂಟಿಬಾಡಿ ಹಾಕಿದ ನಂತರ ತೊಳೆಯುವಾಗಲೂ ಸ್ಯಾಪೋನಿನ್ ಇರಲೇಬೇಕು. ಅದು ತೆರೆದ ರಂಧ್ರ ಅದಿಲ್ಲದಿದ್ದರೆ ಮುಚ್ಚಿಕೊಳ್ಳುತ್ತದೆ, ಹೆಚ್ಚುವರಿ ಆಂಟಿಬಾಡಿ ಒಳಗೇ ಉಳಿಯುತ್ತದೆ.

ಏಳನೇ ದಿನ ಸಿಡಿ8 ಕೋಶಗಳಲ್ಲಿ ನೂರಕ್ಕೆ ಒಂದೂವರೆಯಷ್ಟು ಇಂಟರ್‌ಫೆರಾನ್-ಗಾಮಾ ತೋರಿಸಿದವು. ಪೆಪ್ಟೈಡ್ ಹಾಕದ ಕೊಳವೆಯಲ್ಲಿ 0.1 ಕೂಡ ಇಲ್ಲ. ಒಂದೂವರೆ ತಿಂಗಳ ಬಳಿಕ ಅದೇ ಗುಂಪಿನ ಇಲಿಗಳಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಕೊಟ್ಟೆ. ಹೊಸ ಇಲಿಗಳನ್ನು ಮುಗಿಸುವ ಆ ಪ್ರಮಾಣವನ್ನು ಇವು ಜೀರ್ಣಿಸಿಕೊಂಡವು. ಐದನೇ ದಿನಕ್ಕೇ ಲೆಕ್ಕ ಶೇ. 10 ದಾಟಿತ್ತು. ಆ ಚಿತ್ರವನ್ನು ವಿಭಾಗದ ಫಲಕಕ್ಕೆ ಅಂಟಿಸಿದ್ದು ನಾನೇ.

ನಡುವೆ ಒಂದು ಚಪಲ. ಸೋಂಕಿನ ಮರುದಿನದಿಂದ ಕೆಲವು ಇಲಿಗಳ ಕುಡಿಯುವ ನೀರಿಗೆ ಆಂಪಿಸಿಲಿನ್ ಎಂಬ ಪ್ರತಿಜೀವಕ ಬೆರೆಸಿದೆ. ಬ್ಯಾಕ್ಟೀರಿಯಾ ಬೇಗನೆ ಬರಿದಾಯಿತು, ಆದರೂ ಏಳನೇ ದಿನದ ಟಿ ಕೋಶಗಳು ಹೆಚ್ಚೇನೂ ತಗ್ಗಲಿಲ್ಲ. ಮೊದಲ ದಿನದ ಪ್ರಚೋದನೆಯೇ ಅವುಗಳ ಓಟಕ್ಕೆ ಸಾಕೆಂದು ಇತರರು 2000ದ ಸುಮಾರಿಗೇ ತೋರಿಸಿದ್ದರು. ನನ್ನ ಅಗ್ಗದ ದ್ರಾವಣವೂ ಅದನ್ನೇ ಹೇಳಿತು. ಮುಂದೆ ಸಿಡಿ107ಎ, ಅಂದರೆ ಟಿ ಕೋಶ ತನ್ನ ಕೊಲ್ಲುವ ಸರಕನ್ನು ಹೊರಸುರಿದಾಗ ಮೇಲ್ಮೈಗೆ ಬರುವ ಗುರುತು, ನೋಡಬೇಕು. ಅದಕ್ಕೆ ಮೊನೆನ್ಸಿನ್ ಎಂಬ ರಾಸಾಯನಿಕ ಕೊಳ್ಳಬೇಕು, ಅನುದಾನದ ಮುಂದಿನ ಕಂತು ಬರಲಿ.