ಫುಕುಶಿಮಾದಿಂದ ಎಣ್ಮಕಜೆಗೆ ನಾನು ತಂದುಕೊಂಡದ್ದು: ನನ್ನ ಅನುಭವ

ನಾನು ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಕಡೆ ಮನೆಮನೆಗೆ ಹೋಗುವ ಕೌನ್ಸೆಲರ್. ಈ ಊರುಗಳ ಹೆಸರು ಹೇಳಿದರೆ ಹೊರಗಿನವರಿಗೆ ಎಂಡೋಸಲ್ಫಾನ್ ನೆನಪಾಗುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ಸಿಂಪಡಿಸಿದರು. ಗುಡ್ಡದ ಮೇಲೆ ಗೇರು, ಕೆಳಗೆ ಮನೆ, ಕೆರೆ, ಗುಡ್ಡ ಕೊರೆದ ಸುರಂಗದ ನೀರು. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ದೇಶದಲ್ಲೆಲ್ಲ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ಇದೆಲ್ಲ ನಿಮಗೆ ಗೊತ್ತಿರುವುದೇ.

ನನ್ನ ಕೆಲಸ ಆ ಮನೆಗಳಲ್ಲಿ ಅಂಗವೈಕಲ್ಯ, ಕಾಯಿಲೆ ಇರುವ ಮಕ್ಕಳ ತಾಯಂದಿರ ಜೊತೆ. ಅವರಿಗೆ ಏನು ಹೇಳುವುದು, ಹೇಗೆ ಕೂರುವುದು ಎಂದು ಹುಡುಕಿದಾಗ ನನಗೆ ತೀರಾ ಹತ್ತಿರ ಅನ್ನಿಸಿದ್ದು ಅಣುಸ್ಥಾವರ ದುರಂತ ಕಂಡವರ ಕಥೆ. ಅಲ್ಲೂ ವಿಷ ಕಣ್ಣಿಗೆ ಕಾಣುವುದಿಲ್ಲ. ಅಲ್ಲೂ ಹೊಟ್ಟೆಯಲ್ಲಿರುವ ಮಗುವಿನ ಭಯ, ಅಧಿಕಾರಿಗಳ ಮಾತಿನ ಮೇಲೆ ಅಪನಂಬಿಕೆ, ಊರಿನ ಹೆಸರಿಗೇ ಕಳಂಕ.

1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್‌ನಲ್ಲಿ ಸ್ಥಾವರ ಕೆಟ್ಟಾಗ ಹೊರಬಿದ್ದ ವಿಕಿರಣ ತೀರಾ ಕಡಿಮೆ. ಆದರೂ ಹತ್ತಿರದ ಎಳೆ ಮಕ್ಕಳ ತಾಯಂದಿರಲ್ಲಿ ಖಿನ್ನತೆ, ಆತಂಕ ಜಾಸ್ತಿಯಾದದ್ದನ್ನು ಎವೆಲಿನ್ ಬ್ರೊಮೆಟ್ ಎಂಬ ಸಂಶೋಧಕಿ ದಾಖಲಿಸಿದರು. 1986ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ನಡೆದ ಅಣುಸ್ಥಾವರ ದುರಂತದ ಬಗ್ಗೆ 2005ರಲ್ಲಿ ವಿಶ್ವಸಂಸ್ಥೆಯ ಸಂಸ್ಥೆಗಳು ಸೇರಿ ವರದಿ ಕೊಟ್ಟವು. ಅಲ್ಲಿ ಉಳಿದ ಅತಿ ದೊಡ್ಡ ಸಾರ್ವಜನಿಕ ಆರೋಗ್ಯ ಸಮಸ್ಯೆ ಮನಸ್ಸಿನದ್ದು ಎಂದವು. ಇದನ್ನು ಹಿಡಿದುಕೊಂಡು ‘ಎಲ್ಲಾ ನಿಮ್ಮ ಭ್ರಮೆ’ ಅನ್ನುವವರೂ ಇದ್ದಾರೆ. ಸೋವಿಯತ್ ಅಧಿಕಾರಿಗಳು ‘ರೇಡಿಯೋಫೋಬಿಯಾ’, ಅಂದರೆ ವಿಕಿರಣದ ಅತಿಯಾದ ಭಯ, ಎಂದು ಜನರ ಬಾಯಿ ಮುಚ್ಚಿಸಿದ್ದು ಹಾಗೆಯೇ. ನನಗೆ ಅದು ಸಿಟ್ಟು ತರಿಸುವ ಮಾತು. ನಮ್ಮಲ್ಲಂತೂ ಮಗು ಕಣ್ಣೆದುರು ಚಾಪೆಯಲ್ಲಿ ಮಲಗಿದೆ. ಭ್ರಮೆ ಎಲ್ಲಿಂದ ಬಂತು? ಹಾಗಾಗಿ ಅಲ್ಲಿನವರ ತೀರ್ಮಾನ ನನಗೆ ಬೇಡವಾಗಿತ್ತು, ಕೆಲಸದ ರೀತಿ ಬೇಕಿತ್ತು.

ಅದು ಸಿಕ್ಕಿದ್ದು ಚೆರ್ನೋಬಿಲ್‌ನ ವಿಕಿರಣ ಬಿದ್ದ, ಬೆಲಾರಸ್‌ನ ಓಲ್ಮನಿ ಎಂಬ ಹಳ್ಳಿಯಲ್ಲಿ. 1996ರಲ್ಲಿ ಫ್ರಾನ್ಸಿನ ತಜ್ಞರು ಅಲ್ಲಿಗೆ ಹೋದರು. ಹೆದರಬೇಡಿ ಎಂದು ಭಾಷಣ ಮಾಡಲಿಲ್ಲ. ವಿಕಿರಣ ಅಳೆಯುವ ಉಪಕರಣವನ್ನು ತಾಯಂದಿರ ಕೈಗೇ ಕೊಟ್ಟರು. ಮನೆಯ ಯಾವ ಮೂಲೆಯಲ್ಲಿ ಎಷ್ಟು, ಹಾಲಿನಲ್ಲಿ ಎಷ್ಟು ಎಂದು ಅವರೇ ಅಳೆದರು. ಮಗುವಿಗೆ ಏನು ಕೊಡಬಹುದು ಎಂದು ಅವರೇ ಲೆಕ್ಕ ಹಾಕತೊಡಗಿದರು.

ಎಂಡೋಸಲ್ಫಾನಿಗೆ ಅಂಥ ಉಪಕರಣ ಎಲ್ಲಿಂದ ತರುವುದು? ನಾನು ತಂದದ್ದು ನೋಟ್ ಪುಸ್ತಕ. ಇಲ್ಲಿ ತುಂಬಾ ಮಕ್ಕಳಿಗೆ ಫಿಟ್ಸ್ ಬರುತ್ತದೆ. ಎಷ್ಟು ಗಂಟೆಗೆ ಬಂತು, ಎಷ್ಟು ನಿಮಿಷ ಇತ್ತು, ಮಾತ್ರೆ ತಪ್ಪಿತ್ತಾ, ಹಿಂದಿನ ರಾತ್ರಿ ನಿದ್ದೆ ಆಗಿತ್ತಾ, ಜ್ವರ ಇತ್ತಾ, ಇಷ್ಟೇ ಬರೆಯುವುದು. ಓದು ಬಾರದವರು ಗೀಟು ಹಾಕಿದರೂ ಸಾಕು. ಒಬ್ಬ ತಾಯಿಯ ಪುಸ್ತಕದಲ್ಲಿ ಮಾತ್ರೆ ಮುಗಿದ ವಾರಗಳಲ್ಲೇ ಗೀಟು ಜಾಸ್ತಿ ಇತ್ತು. ಮುಂದಿನ ವೈದ್ಯಕೀಯ ಕ್ಯಾಂಪಿನಲ್ಲಿ ಅವರು ಪುಸ್ತಕ ಬಿಚ್ಚಿ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಎರಡು ತಿಂಗಳ ಮಾತ್ರೆ ಒಟ್ಟಿಗೆ ಬರೆದುಕೊಟ್ಟರು. ಹಿಂದೆಲ್ಲ ಕ್ಯಾಂಪಿನಲ್ಲಿ ಮೂಲೆಯಲ್ಲಿ ನಿಂತು ಅಳುತ್ತಿದ್ದವರು ಅವರು. ಮಗುವಿನ ಸ್ಥಿತಿ ಬದಲಾಗಿದೆ ಎಂದು ನಾನು ಹೇಳುತ್ತಿಲ್ಲ. ತಾಯಿಯ ನಿದ್ದೆ ಬದಲಾಗಿದೆ.

ಫುಕುಶಿಮಾದಿಂದ ಕಲಿತದ್ದು ಬಿಡದೆ ಫೋನ್ ಮಾಡುವುದನ್ನು. ಜಪಾನಿನ ಆ ಪ್ರಾಂತ್ಯದಲ್ಲಿ 2011ರಲ್ಲಿ ನಡೆದ ಅಣುಸ್ಥಾವರ ದುರಂತದ ನಂತರ ಅಲ್ಲಿನ ಆಡಳಿತದವರು ಸುಮಾರು 2 ಲಕ್ಷ ಮಂದಿಗೆ ಪ್ರಶ್ನಾವಳಿ ಕಳಿಸಿದರು. ದೊಡ್ಡವರಿಗೆ ಅದರಲ್ಲಿ ಆರು ಸಣ್ಣ ಪ್ರಶ್ನೆಗಳಿದ್ದವು. ಕಳೆದ 30 ದಿನಗಳಲ್ಲಿ ಎಷ್ಟು ಸಲ ಚಡಪಡಿಕೆ ಆಯಿತು, ಇನ್ನೇನೂ ಆಸೆ ಇಲ್ಲ ಅನ್ನಿಸಿತು, ಈ ತರಹದವು. ಮೊದಲ ವರ್ಷ ನೂರಕ್ಕೆ 14.6 ಮಂದಿ ತೀವ್ರ ಸಂಕಟದಲ್ಲಿದ್ದರು. ಸಾಮಾನ್ಯವಾಗಿ ಜಪಾನಿನಲ್ಲಿ ಅದು ನೂರಕ್ಕೆ 3ರಷ್ಟು. ಅಂಥವರಿಗೆ ನರ್ಸುಗಳು, ಮನಶ್ಶಾಸ್ತ್ರಜ್ಞರು ತಾವೇ ಫೋನ್ ಮಾಡಿದರು. ಬನ್ನಿ ಎಂದು ಕಾಯುತ್ತಾ ಕೂರಲಿಲ್ಲ. ನಮ್ಮವರೂ ಅಷ್ಟೇ, ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಬನ್ನಿ ಎಂದರೆ ಬರುವುದಿಲ್ಲ. ಮಗುವನ್ನು ಬಿಟ್ಟು ಹೊರಡುವುದು ಹೇಗೆ? ಹಾಗಾಗಿ ಮಧ್ಯಾಹ್ನ ಊಟವಾಗಿ ಬೀಡಿ ಕಟ್ಟಲು ಕೂರುವ ಹೊತ್ತಿಗೆ ನಾನೇ ಫೋನ್ ಮಾಡುತ್ತೇನೆ. ಕೈ ಕೆಲಸದಲ್ಲಿದ್ದಾಗ ಬಾಯಿ ಸಲೀಸಾಗಿ ಬಿಚ್ಚುತ್ತದೆ. ಆ ಆರು ಪ್ರಶ್ನೆಗಳನ್ನು ಫಾರಂ ಹಿಡಿದು ಕೇಳುವುದಿಲ್ಲ. ತುಳು ಮನೆಯಾದರೆ ತುಳುವಿನಲ್ಲಿ, ಮಲಯಾಳದವರಾದರೆ ನನ್ನ ಹರಕು ಮಲಯಾಳದಲ್ಲಿ, ಮಾತಿನ ನಡುವೆ ತೂರಿಸುತ್ತೇನೆ.

ಆ ಮಾತಿನಲ್ಲಿ ಹೊರಬರುವ ಭಯ ಹೆಚ್ಚಾಗಿ ವಿಷದ್ದಲ್ಲ. ‘ನಾನು ಸತ್ತರೆ ಇವನನ್ನು ಯಾರು ನೋಡುವುದು ಅಕ್ಕಾ?’ ಇದಕ್ಕೆ ಸಮಾಧಾನದ ಮಾತು ಯಾವುದೂ ನಿಲ್ಲುವುದಿಲ್ಲ. ನಾವು ಕೂತು ಹೆಸರು ಬರೆಯುತ್ತೇವೆ. ತಂಗಿ, ನೆರೆಮನೆಯವರು, ಆಶಾ ಕಾರ್ಯಕರ್ತೆ, ಬೌದ್ಧಿಕ ಸವಾಲಿರುವ ಮಕ್ಕಳ ಬಡ್ಸ್ ಶಾಲೆಯ ಟೀಚರ್. ಈಗಲೇ ವಾರಕ್ಕೆ ಒಂದು ಗಂಟೆ ಮಗುವಿನ ಹತ್ತಿರ ಯಾರು ಕೂರಬಹುದು ಎಂಬಲ್ಲಿಂದ ಶುರು.

‘ಇಬ್ಬರೂ ಒಟ್ಟಿಗೇ ಹೋಗಿಬಿಡುವುದು ಒಳ್ಳೆಯದು’ ಎಂಬ ಮಾತು ಬಂದರೆ ನಾನು ವಿಷಯ ಬದಲಿಸುವುದಿಲ್ಲ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳುತ್ತೇನೆ. ಕೇಳಿದರೆ ಯೋಚನೆ ಬರುತ್ತದೆ ಎನ್ನುವುದು ಸುಳ್ಳು. ಅವತ್ತೇ ಮನೆಗೆ ಹೋಗುತ್ತೇನೆ. ಅಡಿಕೆ ತೋಟಕ್ಕೆ ತಂದಿಟ್ಟ ಔಷಧಿ, ಜಾಸ್ತಿ ಇರುವ ಮಾತ್ರೆ ಎಲ್ಲವನ್ನೂ ಅಲ್ಲಿಂದ ಸಾಗಿಸಿ, ನಂಬಿಕೆಯ ಒಬ್ಬರ ಮನೆಯಲ್ಲಿ ಬೀಗ ಹಾಕಿ ಇಡಿಸುತ್ತೇನೆ. ಜೊತೆಗೆ ಒಬ್ಬರು ಇರುವಂತೆ ಮಾಡಿ, ಮರುದಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ರಾತ್ರಿ ನಾನು ಸಿಗದಿದ್ದರೆ ಎಂದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಗೋಡೆಯ ಕ್ಯಾಲೆಂಡರಿನಲ್ಲೇ ದೊಡ್ಡದಾಗಿ ಬರೆದಿಡುತ್ತೇನೆ.

ಮದುವೆಯ ವಿಷಯ ಇನ್ನೊಂದು. ಫುಕುಶಿಮಾದಲ್ಲಿ, ಮುಂದಿನ ಪೀಳಿಗೆಗೂ ತೊಂದರೆ ಇದೆ ಎಂದು ನಂಬಿದವರಲ್ಲೇ ಸಂಕಟ ಹೆಚ್ಚು ಕಂಡಿತು. ಇಲ್ಲಿ ಆ ಮಕ್ಕಳ ಅಕ್ಕತಂಗಿಯರಿಗೆ ನೆಂಟಸ್ತಿಕೆ ಬಂದರೆ ಮೊದಲ ಪ್ರಶ್ನೆಯೇ ‘ಆ ಊರಾ?’ ನಾನು ಆ ಹುಡುಗಿಯರಿಗೆ ಏನೂ ಆಗುವುದಿಲ್ಲ ಎಂದು ಭರವಸೆ ಕೊಡುವುದಿಲ್ಲ, ಕೊಡಲು ನಾನು ಯಾರು? ಹೆರಿಗೆ ಡಾಕ್ಟರ ಹತ್ತಿರ ಕರೆದೊಯ್ದು, ಅವರವರ ಪ್ರಶ್ನೆಯನ್ನು ಅವರೇ ಕೇಳುವಂತೆ ಮಾಡುತ್ತೇನೆ.

ಅಪ್ಪಂದಿರು ಮಾತ್ರ ಕೈಗೆ ಸಿಗುವುದಿಲ್ಲ. ನನ್ನ ಸ್ಕೂಟರ್ ಕಂಡ ಕೂಡಲೇ ತೋಟಕ್ಕೆ ಇಳಿಯುತ್ತಾರೆ. ಈಗ ಪೆರ್ಲದ ಕಡೆ ಒಬ್ಬ ಹಿರಿಯ ಅಪ್ಪನನ್ನೇ ಒಪ್ಪಿಸಿದ್ದೇನೆ. ಸಂಜೆ ಚಹಾ ಅಂಗಡಿಯಲ್ಲಿ ಅವರೇ ಉಳಿದವರನ್ನು ಮಾತಿಗೆ ಎಳೆಯುತ್ತಾರೆ, ಯಾರು ತೀರಾ ಕುಗ್ಗಿದ್ದಾರೆ ಎಂದು ನನಗೆ ತಿಳಿಸುತ್ತಾರೆ.