ವೈಫೈ ಹಾಕಿದ ಕೂಡಲೇ ಕಾರು ಗೆರೆ ತಪ್ಪುತ್ತಿದೆಯೇ?
ತುಮಕೂರಿನಲ್ಲಿ ಪ್ರಾಜೆಕ್ಟಿಗೆ ತಾನೇ ಓಡುವ ಪುಟ್ಟ ಕಾರು ಕಟ್ಟುತ್ತಿರುವವರೇ, ಗೆರೆ ಗುರುತಿಸುವ ಐಆರ್ ಸೆನ್ಸರಿನ ಅನಲಾಗ್ ವೈರುಗಳನ್ನು ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್) ಬೋರ್ಡಿನ 32, 33, 34, 35, 36, 39ನೇ ಪಿನ್ನುಗಳಿಗೇ ಕೊಡಿ. ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿ ಓದುವ ಎಡಿಸಿ ಎಂಬ ಭಾಗ ಬೋರ್ಡಿನಲ್ಲಿ ಎರಡಿವೆ. ಇವು ಎಡಿಸಿ1ಕ್ಕೆ ಸೇರಿದವು. 4, 25, 26, 27ರಂಥವು ಎಡಿಸಿ2ರ ಪಿನ್ನುಗಳು. ಎಡಿಸಿ2ನ್ನು ವೈಫೈ ಕೂಡ ಬಳಸುವುದರಿಂದ ವೈಫೈ ಆನ್ ಆದೊಡನೆ ರೀಡಿಂಗ್ ಕೈಕೊಡುತ್ತದೆ. ಸೆನ್ಸರೇ ಕೆಟ್ಟಿದೆ ಅಂತ ದಯವಿಟ್ಟು ಹೊಸದು ಕೊಳ್ಳಬೇಡಿ, ಮೊದಲು ವೈಫೈ ಆಫ್ ಮಾಡಿ ನೋಡಿ. ಸೆನ್ಸರಿಗೆ 3.3 ವೋಲ್ಟೇ ಕೊಡಿ. 5 ವೋಲ್ಟ್ ಕೊಟ್ಟರೆ ಪಿನ್ ಸುಟ್ಟೀತು. 8 ಸೆನ್ಸರಿನ ಪಟ್ಟಿಗೆ ಈ 6 ಪಿನ್ ಸಾಲವು, 74ಎಚ್‌ಸಿ4051 ಮಲ್ಟಿಪ್ಲೆಕ್ಸರ್ (ಹಲವು ಸೆನ್ಸರುಗಳನ್ನು ಒಂದೊಂದಾಗಿ ಒಂದೇ ಪಿನ್ನಿಗೆ ಜೋಡಿಸುವ ಚಿಪ್) ಬೇಕು. ಇಎಸ್‌ಪಿ32-ಎಸ್3 ಎಂಬ ಬೇರೆ ಮಾದರಿಯ ಬೋರ್ಡಿಗೆ ಈ ಪಿನ್ ನಂಬರು ಹೊಂದುವುದಿಲ್ಲ, ಅಲ್ಲಿ ಎಡಿಸಿ1 ಅಂದರೆ 1ರಿಂದ 10ನೇ ಪಿನ್ನುಗಳು.